ಲಿಟಲ್‌ವುಡ್ ಬೇಕಾಗಿದ್ದಾರೆ

ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ನಮ್ಮ ಇಲಾಖೆಯಲ್ಲಿ ಏನುಂಟು ಏನಿಲ್ಲ! ಪರಿಹಾರ ಬೋಧನೆ ಉಂಟು, ಸಂಜೆಯ ವಿಶೇಷ ತರಗತಿ ಉಂಟು, ಎಸ್ಸೆಸ್ಸೆಲ್ಸಿಯ ಅಂಚಿನಲ್ಲಿ ನಿಂತವರನ್ನು ಆಚೆ ದಡ ಮುಟ್ಟಿಸಲು ‘ಪಾಸಿಂಗ್ ಪ್ಯಾಕೇಜ್’ ಉಂಟು. ಇವೆಲ್ಲ ನಡೆದಿವೆ ಎಂದು ತೋರಿಸಲು ನಮೂನೆ ಉಂಟು, ನಮೂನೆ ತುಂಬಿದ್ದಾರೋ ಇಲ್ಲವೋ ಎಂದು ನೋಡಲು ಜೀಪು ಹತ್ತಿ ಬರುವವರೂ ಉಂಟು. ಇರಲಿ, ಇರಬೇಕಾದದ್ದೇ. ಆದರೆ ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವುದರೊಳಗೆ ಉತ್ತರ ಬರೆದಿಟ್ಟು ಕಿಟಕಿಯಾಚೆ ನೋಡುತ್ತ ಕೂರುವ ಮಗುವಿಗೆ ಯಾವ ನಮೂನೆಯೂ ಇಲ್ಲ. ಆ ಮಗುವಿನ ಮಾಸ್ತರನನ್ನಂತೂ ಕೇಳುವವರೇ ಇಲ್ಲ.

ತಾಲೂಕು ಮಟ್ಟದ ವಿಷಯ ಶಿಕ್ಷಕರ ಸಭೆಯೊಂದರಲ್ಲಿ ‘ನಿಮ್ಮ ನಿಮ್ಮ ತೊಂದರೆ ಹೇಳಿ’ ಎಂದರು. ಒಬ್ಬರು ‘ಮಗ್ಗಿ ಬರುವುದಿಲ್ಲ’ ಎಂದರು. ಇನ್ನೊಬ್ಬರು ‘ಭಾಗಾಕಾರ ಬರುವುದಿಲ್ಲ’ ಎಂದರು. ಸಭೆ ತಲೆದೂಗಿತು. ನಾನು ಎದ್ದು, ‘ನನ್ನ ಒಂಬತ್ತನೇ ಕ್ಲಾಸಿನಲ್ಲಿ ಒಬ್ಬಳಿಗೆ ಎಲ್ಲವೂ ಬರುತ್ತದೆ, ಏನು ಮಾಡಲಿ?’ ಎಂದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ನಕ್ಕರು. ‘ನಿಮ್ಮ ಹಣೆಬರಹ ಚಲೋ ಇದೆ ಮಾಸ್ತರೆ, ಅಂಥದ್ದೊಂದು ನಮಗೂ ಕಳಿಸಿ’ ಎಂದರು ಪಕ್ಕದವರು. ನಡಾವಳಿ ಪುಸ್ತಕದಲ್ಲಿ ಮಗ್ಗಿ ದಾಖಲಾಯಿತು, ಭಾಗಾಕಾರ ದಾಖಲಾಯಿತು. ನನ್ನ ತೊಂದರೆ ಚಹಾದ ಜೊತೆ ಹೊಟ್ಟೆ ಸೇರಿತು.

ನಾನಿರುವುದು ಸೋಂದಾ ಆಸುಪಾಸಿನಲ್ಲಿ. ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದು, ಸೋಂದಾ ಕ್ರಾಸಿನಲ್ಲಿ ಹೊರಳಿಕೊಂಡರೆ ಆಯಿತು. ಒಂಟಿತನ ಎಂಬ ಮಾತಿಗೆ ಈ ಊರಲ್ಲಿ ಜಾಗವೇ ಇರಬಾರದು. ದ್ವೈತಕ್ಕೆ ವಾದಿರಾಜ ಮಠ, ಅದ್ವೈತಕ್ಕೆ ಸ್ವರ್ಣವಲ್ಲಿ, ಅನೇಕಾಂತಕ್ಕೆ ಸ್ವಾದಿ ಜೈನ ಮಠ. ಜೀವ ಬೇರೆ ದೇವರು ಬೇರೆ ಎನ್ನುವವರು, ಎರಡೂ ಒಂದೇ ಎನ್ನುವವರು, ನೋಡುವ ಕಡೆಯಿಂದ ನೋಡಿದರೆ ಎಲ್ಲವೂ ಸರಿ ಎನ್ನುವವರು, ಎಲ್ಲ ಒಂದೇ ಬಸ್ಸಿಗೆ ಕಾಯುವ ಊರು ಇದು. ಸೋಂದಾವನ್ನು ಆಳಿದ ಅರಸಪ್ಪ ನಾಯಕನ ಕಾಲದಿಂದ ಇಲ್ಲಿ ವಿದ್ವಾಂಸರಿಗೆ ಬರವಿಲ್ಲ. ಇಂಥ ಕಡೆ ಗಣಿತದ ಮಾಸ್ತರನೊಬ್ಬ ಮಾತಿಗೆ ಜನ ಇಲ್ಲವೆಂದರೆ ಕೇಳಿದವರು ನಗದೆ ಏನು ಮಾಡುತ್ತಾರೆ?

ಆದರೆ ವಿದ್ವಾಂಸರು ಸುತ್ತಲಿದ್ದ ಮಾತ್ರಕ್ಕೆ ಜೊತೆ ಸಿಗುತ್ತದೆಂದು ನನಗೆ ನಂಬಿಕೆಯಿಲ್ಲ. ಭಟ್ಟಾಕಲಂಕರನ್ನೇ ನೋಡಿ. ಅವರ ಗುರುಪೀಠ ಭಟ್ಕಳದ ಕಡೆಯ ಹಾಡುವಳ್ಳಿ. ನಮ್ಮ ಸೋಂದಾ ಜೈನ ಮಠದ ಭಟ್ಟಾರಕರು ಇವತ್ತಿಗೂ ಭಟ್ಟಾಕಲಂಕರೆಂಬ ಹೆಸರಲ್ಲೇ ಪೀಠವೇರುತ್ತಾರೆ. ಆ ಹಳೆಯ ಭಟ್ಟಾಕಲಂಕರು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದರು. ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರಗಳ ವ್ಯಾಕರಣ. ಸೂತ್ರ ಬರೆದು ಸುಮ್ಮನಾಗಲಿಲ್ಲ, ಅದಕ್ಕೆ ‘ಭಾಷಾಮಂಜರಿ’ ಎಂಬ ವೃತ್ತಿಯನ್ನೂ ತಾವೇ ಬರೆದರು. ಆ ವೃತ್ತಿಗೆ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನವನ್ನೂ ತಾವೇ ಬರೆದರು. ಪಂಡಿತರು ಇದನ್ನು ಪಾಂಡಿತ್ಯದ ಪರಾಕಾಷ್ಠೆ ಎನ್ನುತ್ತಾರೆ. ನನಗೆ ಮಾತ್ರ ಬೇರೆಯೇ ಅನುಮಾನ. ತಾನು ಬರೆದದ್ದಕ್ಕೆ ತಾನೇ ಅರ್ಥ ಹೇಳಿ, ಆ ಅರ್ಥಕ್ಕೂ ತಾನೇ ಅರ್ಥ ಹೇಳಬೇಕಾಗಿ ಬಂದ ಮನುಷ್ಯನಿಗೆ ಸ್ಟಾಫ್ ರೂಮಿನಲ್ಲಿ ಜೊತೆಗೆ ಯಾರೂ ಇದ್ದಿರಲಾರರು.

ಇನ್ನು ನನ್ನ ಒಂಬತ್ತನೇ ಕ್ಲಾಸಿನ ಕೂಸು. ತೋಟದವರ ಮನೆಯ ಹುಡುಗಿ. ಮಳೆಗಾಲದಲ್ಲಿ ಕಾಲುಸಂಕ ದಾಟಿ, ಅರ್ಧ ಒದ್ದೆಯಾಗಿ ಬಂದು ಕೂರುತ್ತಿದ್ದಳು. ಮಾತು ಕಡಿಮೆ. ಒಂದು ದಿನ ವರ್ಗಮೂಲದ ಪಾಠ ನಡೆಯುತ್ತಿದ್ದಾಗ ಕೈ ಎತ್ತಿದಳು. ‘ಸರ್, ಅಡಿಕೆ ಸಸಿಯನ್ನು ಒಂಬತ್ತು ಅಡಿಗೊಂದರಂತೆ ಚೌಕವಾಗಿ ನೆಡ್ತಾರಲ್ಲ, ತ್ರಿಕೋನವಾಗಿ ಯಾಕೆ ನೆಡೋದಿಲ್ಲ?’

ನೆಟ್ಟರೆ ಏನಾಗುತ್ತದೆ ಎಂದೆ. ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. ಚೌಕದಲ್ಲಿ ಒಂದು ಮರಕ್ಕೆ 81 ಚದರಡಿ ಜಾಗ. ಎರಡನೇ ಸಾಲನ್ನು ಅರ್ಧ ಅಂತರ ಸರಿಸಿ, ಸಾಲುಗಳನ್ನು ಹತ್ತಿರಕ್ಕೆ ತಂದರೆ ಮರದಿಂದ ಮರಕ್ಕೆ ಅದೇ ಒಂಬತ್ತಡಿ ಉಳಿಯುತ್ತದೆ, ಜಾಗ ಮಾತ್ರ ಸುಮಾರು 70 ಚದರಡಿ ಸಾಕು. ಎಕರೆಗೆ 537 ಮರ ಹಿಡಿಯುವ ಕಡೆ 620 ಹಿಡಿಯುತ್ತವೆ. ನೂರಕ್ಕೆ ಹದಿನೈದು ಹೆಚ್ಚು. ನಾನು ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿದೆ. ಸರಿಯಿತ್ತು. ಮರುದಿನ ‘ಸರಿ ಇದೆ’ ಎಂದು ಹೇಳುವಷ್ಟರಲ್ಲಿ ಅವಳು ಮುಂದಿನದಕ್ಕೆ ಹೋಗಿಯಾಗಿತ್ತು. ‘ಇದಕ್ಕಿಂತಲೂ ಒತ್ತಾಗಿ ನೆಡುವ ಬೇರೆ ರೀತಿ ಇಲ್ಲವೇ ಇಲ್ಲ ಅಂತ ಹೇಗೆ ಗೊತ್ತಾಗ್ತದೆ ಸರ್?’

ನಾನು ಪಿಸಿಎಂ ಮಾಸ್ತರ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರೂ ನನ್ನ ತಲೆಗೇ. ಸಣ್ಣ ಹೈಸ್ಕೂಲುಗಳಲ್ಲಿ ಇಂಥವನು ಒಬ್ಬನೇ ಇರುತ್ತಾನೆ. ಹಾಗಾಗಿ ‘ಸಹೋದ್ಯೋಗಿಯನ್ನು ಕೇಳಿ ಹೇಳುತ್ತೇನೆ’ ಎಂಬ ಸೌಕರ್ಯ ನಮಗಿಲ್ಲ. ಕೇಳಬೇಕಾದವನೂ ನಾನೇ, ಹೇಳಬೇಕಾದವನೂ ನಾನೇ.

ಆದರೂ ಕೇಳಲು ಹೊರಟೆ. ಇನ್ನೊಂದು ಹೈಸ್ಕೂಲಿನ ಗಣಿತದವರಿಗೆ ಫೋನು ಮಾಡಿದರೆ, ‘ಇದು ಸಿಲಬಸ್‌ನಲ್ಲಿ ಉಂಟಾ?’ ಎಂದರು. ಇಲ್ಲ ಎಂದೆ. ‘ಹಾಗಾದ್ರೆ ಬಿಡಿ’ ಎಂದು ಫೋನೂ ಇಟ್ಟರು. ಸಮಾಜ ಪಾಠದವರು ಸಾವಧಾನವಾಗಿ ಪೂರ್ತಿ ಕೇಳಿಸಿಕೊಂಡು, ‘ಅಡಿಕೆಗೆ ಈಗ ರೇಟೇ ಇಲ್ಲವಲ್ಲ ಮಾರಾಯ್ರೆ, ಹದಿನೈದು ಹೆಚ್ಚಾದರೆಷ್ಟು ಕಡಿಮೆಯಾದರೆಷ್ಟು’ ಎಂದರು. ಮನೆಯಲ್ಲಿ ಊಟಕ್ಕೆ ಕೂತಾಗ ತಂಬುಳಿಯ ಬಟ್ಟಲು ಪಕ್ಕಕ್ಕೆ ಸರಿಸಿ, ಹುರಿದ ಶೇಂಗಾ ಹರಡಿ, ಚೌಕ ಮತ್ತು ತ್ರಿಕೋನ ತೋರಿಸತೊಡಗಿದೆ. ನಮ್ಮ ಮನೆಯವಳು ಸ್ವಲ್ಪ ಹೊತ್ತು ನೋಡಿ ಹೇಳಿದಳು: ‘ನಿಂಗಕ್ಕೆ ಹೇಳದೇ ಇದ್ರೆ ಅನ್ನ ಕರಗ್ತಿಲ್ಲೆ ಅಂದ್ರೆ ಕೊಟ್ಟಿಗೆಗೆ ಹೋಗಿ ಎಮ್ಮೆ ಹತ್ರ ಹೇಳಿ. ಅದು ಬ್ಯಾಡ ಹೇಳ್ತಿಲ್ಲೆ.’

ಇದರ ನಡುವೆ ಕೂಸಿನ ಅಪ್ಪ ಸೊಸೈಟಿಯ ಹತ್ತಿರ ಸಿಕ್ಕರು. ಕವಳ ಉಗಿದು ಬಂದು, ‘ಮಾಸ್ತರೆ, ಕೂಸು ಟೇಪು ಹಿಡ್ಕಂಡು ತೋಟದ ತುಂಬ ಓಡಾಡ್ತಾ ಇದ್ದು. ನಿಂಗ ಎಂತ ಕಲ್ಸಿದ್ರಿ ಅದ್ಕೆ?’ ಎಂದು ಕೇಳಿದರು. ದೂರೋ ಹೊಗಳಿಕೆಯೋ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ನಾನು ಏನೂ ಕಲಿಸಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನೌಕರಿ ಅಡ್ಡ ಬಂತು.

ಬುದ್ಧಿವಂತ ಮಗುವಿಗೆ ಮಾಸ್ತರೇ ಬೇಡ, ಅದು ತನ್ನಷ್ಟಕ್ಕೆ ಕಲಿಯುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಅಂಥವರಿಗೆಲ್ಲ ನಾನು ವಾದಿರಾಜ ಮಠದ ಪಕ್ಕದ ಭೂತರಾಜರ ಗುಡಿಯ ದಾರಿ ತೋರಿಸುತ್ತೇನೆ. ಐತಿಹ್ಯ ಗೊತ್ತಿದ್ದದ್ದೇ. ವಾದಿರಾಜರಿಗೆ ನಾರಾಯಣನೆಂಬ ಮಹಾ ಚುರುಕಿನ ಶಿಷ್ಯನಿದ್ದ. ಗುರುವಿಗೇ ಎದುರಾಡಿ ಶಾಪ ಪಡೆದು ಬ್ರಹ್ಮರಾಕ್ಷಸನಾದ. ರಾಕ್ಷಸನಾದ ಮೇಲೆ ಮಾಡಿದ್ದೇನು? ದಾರಿಹೋಕರನ್ನು ತಡೆದು ಒಂದು ಒಗಟು ಕೇಳುತ್ತಿದ್ದ. ಆಷಾಢ, ಕಾರ್ತಿಕ, ಮಾಘ, ವೈಶಾಖಗಳಲ್ಲಿ ಮೀಯದವನು ಯಾರು ಎಂಬುದು ಪ್ರಶ್ನೆ. ಉತ್ತರ ಬಾರದವರನ್ನು ನುಂಗುತ್ತಿದ್ದ. ಕಡೆಗೆ ವಾದಿರಾಜರೇ ಎದುರಾಗಿ ಉತ್ತರ ಕೊಟ್ಟ ಮೇಲೆ ತಣ್ಣಗಾಗಿ ಅವರ ಸೇವೆಗೆ ನಿಂತ, ಭೂತರಾಜನಾದ. ಇವತ್ತಿಗೂ ಭಕ್ತರು ಅವನಿಗೆ ತೆಂಗಿನಕಾಯಿ ಒಪ್ಪಿಸುತ್ತಾರೆ.

ಈ ಕತೆಯನ್ನು ಗರ್ವಭಂಗದ ಕತೆಯೆಂದು ಹೇಳುವುದು ರೂಢಿ. ಮೂರು ವಿಷಯ ಪಾಠ ಮಾಡಿ ಸವೆದ ನನ್ನಂಥವನಿಗೆ ಅದು ಹಾಗೆ ಕೇಳಿಸುವುದಿಲ್ಲ. ಆ ಹುಡುಗನಿಗೆ ಹಸಿವಿದ್ದದ್ದು ತನ್ನ ಪ್ರಶ್ನೆಯನ್ನು ಪ್ರಶ್ನೆಯೆಂದು ತಿಳಿದು ಉತ್ತರಿಸುವ ಒಬ್ಬರಿಗಾಗಿ. ಸಿಗದಿದ್ದಾಗ ಸಿಕ್ಕಿದವರನ್ನೆಲ್ಲ ತಿಂದ. ನಮ್ಮ ಕೂಸು ಉತ್ತರ ಬಾರದ ಮಾಸ್ತರನ ಮುಖವನ್ನು ಸುಮ್ಮನೆ ನೋಡುತ್ತಿದ್ದಳು, ಅಷ್ಟೆ. ಭೂತರಾಜನಿಗಿಂತ ವಾಸಿ ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಆ ನೋಟದ ಎದುರು ನಲವತ್ತೈದು ನಿಮಿಷದ ಪಿರಿಯಡ್ಡು ಕಳೆದವರಿಗೇ ಗೊತ್ತು, ನುಂಗಿಸಿಕೊಳ್ಳುವುದೇ ಸುಲಭವಿತ್ತು ಎಂದು.

ಸರ್ಕಾರ ಪ್ರತಿಭೆಯನ್ನು ಮರೆತಿದೆ ಎಂದರೆ ಅಪಚಾರವಾದೀತು. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಪರೀಕ್ಷೆ ಉಂಟು. ಅದರಲ್ಲಿ ಆಯ್ಕೆಯಾದ ಬಡ ಮನೆಯ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯ ಮುಂಡಗೋಡದಲ್ಲಿದೆ. ಅದು ಆರನೇ ಕ್ಲಾಸಿಗೇ ಚುರುಕು ಮಕ್ಕಳನ್ನು ಆರಿಸಿ ಒಯ್ಯುತ್ತದೆ, ನಮ್ಮ ಹೈಸ್ಕೂಲಿನ ತನಕ ಬರಲು ಬಿಡುವುದಿಲ್ಲ. 1963ರಲ್ಲಿ ಶುರುವಾದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ ದೇಶಕ್ಕೆಲ್ಲ ಹೆಸರುವಾಸಿಯಾಗಿತ್ತು. 2021ರ ಬಳಿಕ ಅದು ನಿಂತಿದೆ. ಪ್ರತಿಭೆಯ ಅನ್ವೇಷಣೆ ಮುಗಿಯಿತೆಂದು ಅರ್ಥವೋ ಏನೋ.

ಮತ್ತೆ ಪ್ರತಿಭಾ ಕಾರಂಜಿ. ಗಣಿತದ ಮಾಸ್ತರರನ್ನು ಛದ್ಮವೇಷದ ನಿರ್ಣಾಯಕರನ್ನಾಗಿ ಕೂರಿಸುವ ಔದಾರ್ಯ ಜಗತ್ತಿನ ಬೇರಾವ ಹಬ್ಬಕ್ಕೂ ಇರಲಾರದು. ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ, ಹುಣಸೆಮರ, ಕೊರೊನಾ ವೈರಸ್ಸು, ಇವರಲ್ಲಿ ಯಾರು ಮೇಲು ಎಂದು ನಾನು ಅಂಕ ಹಾಕಿದ್ದೇನೆ. ಕಂಠಪಾಠಕ್ಕೆ ಬಹುಮಾನ ಉಂಟು, ಆಶುಭಾಷಣಕ್ಕೆ ಉಂಟು, ಮಣ್ಣಿನ ಬೊಂಬೆಗೆ ಉಂಟು, ರಸಪ್ರಶ್ನೆಯಲ್ಲಿ ಉತ್ತರಕ್ಕೆ ಉಂಟು. ಚಂದವಾಗಿ ಒಂದು ಪ್ರಶ್ನೆ ಕೇಳಿದವರಿಗೆ ಬಹುಮಾನ ಕೊಡುವ ಸ್ಪರ್ಧೆ ಮಾತ್ರ ಇಲ್ಲ. ಇದ್ದಿದ್ದರೆ ನಮ್ಮ ಕೂಸು ರಾಜ್ಯಮಟ್ಟಕ್ಕೆ ಹೋಗುತ್ತಿದ್ದಳು, ಅವಳ ಜೊತೆ ನಾನೂ ಟಿಎ-ಡಿಎ ಸಮೇತ ಹೋಗಿ ಬರುತ್ತಿದ್ದೆ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ (ಜನರ ಬಾಯಲ್ಲಿ ನಿಯಾಸ್) ಅನಿತಾ ಕುರುಪ್ ಎಂಬವರ ಮುಂದಾಳತ್ವದಲ್ಲಿ ಪ್ರತಿಭಾವಂತ ಮಕ್ಕಳ ಶಿಕ್ಷಣದ ಬಗ್ಗೆಯೇ ಕೆಲಸ ನಡೆದಿದೆ. ಇಂಥ ಮಕ್ಕಳನ್ನು ಗುರುತಿಸುವುದು ಹೇಗೆ, ಅವರ ಮಾಸ್ತರರನ್ನು ತಯಾರು ಮಾಡುವುದು ಹೇಗೆ ಎಂದು ಯೋಚಿಸುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಈ ಮಕ್ಕಳಿಗೆಂದು ಕೆಲವು ಕಂಡಿಕೆಗಳು ಸಿಕ್ಕಿವೆ. ಶಾಲೆ, ಶಾಲಾ ಸಂಕೀರ್ಣ, ಜಿಲ್ಲೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಗಣಿತದ ಕೂಟ, ವಿಜ್ಞಾನದ ಕೂಟ ಮಾಡಿ ಎನ್ನುತ್ತದೆ ಅದು. ಬಿ.ಎಡ್. ಓದುವಾಗಲೇ ಈ ಮಕ್ಕಳಿಗೆ ಕಲಿಸುವುದನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳುವಂತಿರಬೇಕು ಎನ್ನುತ್ತದೆ. ಓದಿ ಸಂತೋಷವಾಯಿತು. ನಾನು ಬಿ.ಎಡ್. ಮಾಡಿದ್ದು ಯಾವ ಕಾಲದಲ್ಲೋ. ಅದೂ ಅಲ್ಲದೆ ನೀತಿ ದಿಲ್ಲಿಯಿಂದ ಹೊರಟು ಸೋಂದಾ ಕ್ರಾಸಿನಲ್ಲಿ ಇಳಿಯುವುದರೊಳಗೆ ಕೂಸು ಹತ್ತನೇ ಕ್ಲಾಸು ಮುಗಿಸಿರುತ್ತಾಳೆ ಎಂದುಕೊಂಡೆ.

ಹೀಗಿರುವಾಗ ಒಂದು ರಾತ್ರಿ ರಾಮಾನುಜನ್ ಕತೆಯನ್ನು ಮತ್ತೆ ಓದುತ್ತಿದ್ದೆ. ಆ ಕತೆಯನ್ನು ಕ್ಲಾಸಿನಲ್ಲಿ ಎಲ್ಲರೂ ಹೇಳುತ್ತೇವೆ. ಮದರಾಸಿನ ಬಡ ಗುಮಾಸ್ತ 1913ರ ಜನವರಿಯಲ್ಲಿ ಕೇಂಬ್ರಿಜ್ಜಿನ ಹಾರ್ಡಿಗೆ ಪತ್ರ ಬರೆದ, ಹಾರ್ಡಿ ಅವನ ಪ್ರತಿಭೆ ಗುರುತಿಸಿದರು, ಇತ್ಯಾದಿ. ಕತೆಯಲ್ಲಿ ಇಬ್ಬರೇ ಇದ್ದಾರೆಂದು ನಾನೂ ತಿಳಿದಿದ್ದೆ. ಆ ರಾತ್ರಿ ಮೂರನೆಯವರು ಕಣ್ಣಿಗೆ ಬಿದ್ದರು. ಹಾರ್ಡಿ ಆ ಪತ್ರ ಓದಿದರು, ತಲೆಬುಡ ತಿಳಿಯಲಿಲ್ಲ. ಇವನು ಮೋಸಗಾರನೋ ಮಹಾಮೇಧಾವಿಯೋ ಎಂದು ದಿನವಿಡೀ ಕೊರೆಯಿತು. ಸಂಜೆಯಾದದ್ದೇ ಅದನ್ನು ಹಿಡಿದುಕೊಂಡು ಗೆಳೆಯ ಲಿಟಲ್‌ವುಡ್ ಜೊತೆ ಕೂತರು. ಇಬ್ಬರೂ ರಾತ್ರಿ ಕೂತು ಒಂದೊಂದೇ ಸೂತ್ರ ನೋಡಿ, ಇದು ಸಾಮಾನ್ಯದ ತಲೆಯಲ್ಲ ಎಂಬ ತೀರ್ಮಾನಕ್ಕೆ ಬಂದರು.

ಪುಸ್ತಕ ಮುಚ್ಚಿ ಕೂತೆ. ಹಾರ್ಡಿಯೆಂದರೆ ಜಗತ್ತಿನ ದೊಡ್ಡ ಗಣಿತಜ್ಞರಲ್ಲಿ ಒಬ್ಬರು. ಅಂಥವರಿಗೇ ಒಬ್ಬ ಬುದ್ಧಿವಂತ ಹುಡುಗನನ್ನು ಸಂಭಾಳಿಸಲು ಪಕ್ಕದಲ್ಲೊಬ್ಬರು ಬೇಕಾದರು! ನಾನು ಇಷ್ಟು ದಿನ ನನಗೆ ಗಣಿತ ಸಾಲದು ಎಂದುಕೊಂಡಿದ್ದೆ. ಸಾಲದೆ ಇದ್ದದ್ದು ನಿಜವೇ. ಅದಕ್ಕಿಂತ ದೊಡ್ಡ ಕೊರತೆ ಎಂದರೆ, ಸಂಜೆ ಪತ್ರ ಹಿಡಿದುಕೊಂಡು ಹೋಗಲು ನನಗೊಂದು ಬಾಗಿಲಿರಲಿಲ್ಲ.

ಲಿಟಲ್‌ವುಡ್ ಇಲ್ಲದೆಯೂ ಬಾಳಿದವರಿದ್ದಾರೆ. ನಾಸಿಕದ ಹತ್ತಿರ ದೇವಳಾಲಿಯಲ್ಲಿ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಎಂಬ ಶಾಲಾ ಮಾಸ್ತರರಿದ್ದರು. 1905ರಲ್ಲಿ ಹುಟ್ಟಿ, 1930ರಿಂದ 1962ರ ತನಕ ಪಾಠ ಹೇಳಿ ನಿವೃತ್ತರಾದವರು. ಅಂಕಿಗಳ ಜೊತೆ ಆಡುವುದೇ ಅವರ ಲೋಕ. ಬೇರೆ ಬೇರೆ ಅಂಕಿಗಳಿರುವ ಒಂದು ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, 3524 ಎನ್ನಿ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಅದರಿಂದ ಏರಿಕೆಯದನ್ನು ಕಳೆಯಿರಿ. 5432ರಿಂದ 2345 ಕಳೆದರೆ 3087. 8730ರಿಂದ 0378 ಕಳೆದರೆ 8352. 8532ರಿಂದ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174ರಲ್ಲೇ ನಿಲ್ಲುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತದೆ. ಕಾಪ್ರೇಕರ್ ಇದನ್ನು 1949ರಲ್ಲಿ ಕಂಡುಕೊಂಡರು. ತಮ್ಮ ಶೋಧಗಳನ್ನು ಕೈಯಿಂದ ದುಡ್ಡು ಹಾಕಿ ಸಣ್ಣ ಪುಸ್ತಿಕೆಗಳಾಗಿ ಅಚ್ಚು ಹಾಕಿಸಿದರು. ಹೊರಜಗತ್ತು ಅವರನ್ನು ಸರಿಯಾಗಿ ಗುರುತಿಸಿದ್ದು 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಮೇಲೆ. ಆಗ ಮಾಸ್ತರರಿಗೆ ಎಪ್ಪತ್ತು ವರ್ಷ. ಅಲ್ಲಿಯವರೆಗೂ ಅಂಕಿಗಳೇ ಅವರಿಗೆ ಸಹೋದ್ಯೋಗಿಗಳು. ದೊಡ್ಡವರು, ನಮಸ್ಕಾರ. ಆದರೆ ನನ್ನಂಥ ಹುಲುಮಾನವನಿಗೆ ಅಂಕಿಗಳ ಜೊತೆ ಚಹಾ ಕುಡಿಯಲಾಗುವುದಿಲ್ಲ.

ಆ ಕಾಪ್ರೇಕರ್ ಮಾಸ್ತರರೇ ನನಗೆ ಜೊತೆ ಹುಡುಕಿಕೊಟ್ಟರು ಎಂದರೆ ನಂಬುತ್ತೀರಾ? ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ನಡೆಯುತ್ತಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಎಲ್ಲ ಕಡೆಯ ಮಾಸ್ತರರು ಒಂದೇ ಸೂರಿನಡಿ ಸೇರುವುದು ಆಗಲೇ. ಚಹಾದ ಹೊತ್ತಿಗೆ ಒಬ್ಬರು ಮೂಲೆಯಲ್ಲಿ ಕೂತು ಬಿಸ್ಕೀಟಿನ ಪೊಟ್ಟಣದ ಮೇಲೆ ಏನೋ ಗೀಚುತ್ತಿದ್ದರು. ಇಣುಕಿದೆ. ಐದಂಕಿಯ ಸಂಖ್ಯೆಗಳು, ಇಳಿಕೆ, ಏರಿಕೆ, ವ್ಯವಕಲನ. ‘6174?’ ಎಂದೆ. ಅವರು ತಲೆಯೆತ್ತಿ ನೋಡಿದ ನೋಟದಲ್ಲಿ, ಪರದೇಶದಲ್ಲಿ ಕನ್ನಡ ಕೇಳಿದವರ ಸಂತೋಷವಿತ್ತು. ಯಲ್ಲಾಪುರ ಕಡೆಯವರು. ಅವರ ಕ್ಲಾಸಿನ ಮಾಣಿಯೊಬ್ಬ, ‘ಮೂರಂಕಿಗೆ 495 ಉಂಟು, ನಾಲ್ಕಂಕಿಗೆ 6174 ಉಂಟು, ಐದಂಕಿಗೆ ಯಾಕಿಲ್ಲ?’ ಎಂದು ಕೇಳಿ ಕೂತಿದ್ದನಂತೆ. ಐದಂಕಿಯವು ಒಂದು ಕಡೆ ನಿಲ್ಲದೆ ಸುತ್ತುತ್ತಲೇ ಇರುತ್ತವೆ. ಅದು ಗೊತ್ತು. ಯಾಕೆ ಎಂಬುದು ಗೊತ್ತಿಲ್ಲ. ‘ಯಾರ ಹತ್ರ ಹೇಳೋದು ಮಾರಾಯ್ರೆ’ ಎಂದರು. ‘ನಂಗೂ ಒಂದು ಗಂಟು ಬಿದ್ದಿದೆ’ ಎಂದು ನಾನು ಅಡಿಕೆ ಮರದ ಕತೆ ಬಿಚ್ಚಿದೆ. ಗಂಟೆ ಹೊಡೆದು ಎಲ್ಲರೂ ಒಳಗೆ ಹೋದರೂ ನಾವು ಹೊರಗೇ ಇದ್ದೆವು. ಮೇಲ್ವಿಚಾರಕರು ಬಂದು ಕರೆದೊಯ್ದರು.

ಅಲ್ಲಿಂದ ಶುರುವಾಯಿತು. ನಮ್ಮ ಕೂಟಕ್ಕೆ ಹೆಸರಿಲ್ಲ. ಹೆಸರಿಟ್ಟರೆ ಬ್ಯಾನರು ಬೇಕು, ಬ್ಯಾನರು ಬಂದರೆ ಅಧ್ಯಕ್ಷರು ಬೇಕು, ಅಧ್ಯಕ್ಷರು ಬಂದರೆ ಸನ್ಮಾನ ತಪ್ಪಿದ್ದಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು, ಬಸ್ಸು ಸಿಕ್ಕವರು ಬಸ್ಸಿನಲ್ಲಿ, ಉಳಿದವರು ಬೈಕಿನಲ್ಲಿ, ಯಾರಾದರೊಬ್ಬರ ಮನೆಯ ಜಗಲಿಗೆ ಬರುತ್ತೇವೆ. ಕವಳದ ಹರಿವಾಣ ನಡುವೆ ಇರುತ್ತದೆ. ಸಿದ್ದಾಪುರದಿಂದ ವಿಜ್ಞಾನದ ಅಕ್ಕೋರು ಬರುತ್ತಾರೆ. ಅವರ ಹುಡುಗನೊಬ್ಬ ನಮ್ಮ ಮುಂಡಿಗೆಕೆರೆಗೆ ಬಂದು, ಮುಂಡಿಗೆ ಪೊದೆಗಳ ಮೇಲಿನ ಬೆಳ್ಳಕ್ಕಿ ಗೂಡುಗಳನ್ನು ಎಣಿಸಿ, ಹೋದ ಮಳೆಗಾಲಕ್ಕಿಂತ ಯಾಕೆ ಬೇರೆ ಎಂದು ಅವರ ಜೀವ ತೆಗೆಯುತ್ತಿದ್ದ. ಕನ್ನಡದ ಪಂಡಿತರೊಬ್ಬರಿದ್ದಾರೆ. ಅವರ ಶಿಷ್ಯೆ ಭಾಮಿನಿ ಷಟ್ಪದಿಯಲ್ಲಿ ಬಿಸಿಯೂಟದ ಸಾಂಬಾರನ್ನು ವರ್ಣಿಸಿ ಬರೆದು ಮಾತ್ರೆ ಎಣಿಸಿ ಎಂದು ಕೊಟ್ಟಿದ್ದಳು. ಮಾತ್ರೆ ಸರಿಯಿತ್ತು, ಸಾಂಬಾರಿನ ವರ್ಣನೆ ಅದಕ್ಕಿಂತ ಸರಿಯಿತ್ತು. ಹೊಗಳಿದರೆ ಅಡುಗೆಯವರು, ಬೈದರೆ ಕವಿತೆ, ಯಾರನ್ನು ಉಳಿಸಿಕೊಳ್ಳಲಿ ಎಂಬುದು ಅವರ ಗೋಳು. ಸಂಸ್ಕೃತ ಪಾಠಶಾಲೆಯ ಗುರುಗಳೊಬ್ಬರು ಆಗಾಗ ಬಂದು ಮೌನವಾಗಿ ಕೇಳಿಸಿಕೊಂಡು, ‘ನಮ್ಮಲ್ಲಿ ಇದಕ್ಕೆ ಉಪಾಯ ಹಳೆಯದು. ಹೆಚ್ಚು ಚುರುಕಿನವನಿಗೆ ಕಿರಿಯರಿಗೆ ಪಾಠ ಹೇಳುವ ಕೆಲಸ. ಹೇಳಲು ಹೋದಾಗ ತನಗೆಷ್ಟು ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಾಗುತ್ತದೆ’ ಎಂದರು. ಮರುವಾರದಿಂದಲೇ ನಾನು ಕೂಸನ್ನು ಎಂಟನೇ ಕ್ಲಾಸಿಗೆ ಕಳಿಸಿದೆ.

ಕೂಟಕ್ಕೆ ಇರುವುದು ಒಂದೇ ನಿಯಮ. ‘ಸಿಲಬಸ್‌ನಲ್ಲಿ ಉಂಟಾ’ ಎಂದು ಕೇಳಿದವರು ಎಲ್ಲರಿಗೂ ಕಷಾಯ ಮಾಡಿಸಬೇಕು.

ಕೂಸಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಆ ಜಗಲಿಯಲ್ಲೇ. ಶಿರಸಿಯ ಕಾಲೇಜಿನವರೊಬ್ಬರು ಪುಸ್ತಕ ಹುಡುಕಿ ತಂದರು. ಒಂದೇ ಅಳತೆಯ ಬಿಲ್ಲೆಗಳನ್ನು ಬಯಲಿನಲ್ಲಿ ಅತಿ ಒತ್ತಾಗಿ ಜೋಡಿಸಲು ಆ ತ್ರಿಕೋನದ ಜೋಡಣೆಗಿಂತ ಮೇಲಾದದ್ದು ಇಲ್ಲ. ಅದನ್ನು ಸಾಧಿಸಲು ನಾರ್ವೆಯ ಆಕ್ಸೆಲ್ ತೂ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕೈಹಾಕಿದರು. ಹಂಗೇರಿಯ ಲಾಸ್ಲೋ ಫೆಯೆಶ್ ತೋತ್ 1940ರ ದಶಕದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಮುಗಿಸಿದರು. ನಮ್ಮ ಕೂಸು ಕಾಲುಸಂಕ ದಾಟಿ ಬಂದು ಕೇಳಿದ್ದು ಅಷ್ಟು ದೊಡ್ಡವರು ಕೂತು ಯೋಚಿಸಿದ ಪ್ರಶ್ನೆ. ಇದನ್ನು ಹೇಳಿದಾಗ ಅವಳಿಗೆ ಹೆಮ್ಮೆಯಾಗುತ್ತದೆಂದುಕೊಂಡಿದ್ದೆ. ‘ಹಾಗಾದ್ರೆ ಚೆಂಡುಗಳನ್ನು ಪೇರಿಸಿದ್ರೆ?’ ಎಂದಳು. ಅದು ಕೆಪ್ಲರನ ಪ್ರಶ್ನೆ, ನಾನೂರು ವರ್ಷದ ಹಳೆಯದು. ಈ ಸಲ ನಾನು ಹೆದರಲಿಲ್ಲ. ‘ಶನಿವಾರದ ತನಕ ತಡಿ’ ಎಂದೆ.

ತೋಟದ ಮಾತಿಗೆ ಮಾತ್ರ ಪುಸ್ತಕದವರು ಸಾಲಲಿಲ್ಲ. ಸಾಲಿನ ನಡುವೆ ಬಸಿಗಾಲುವೆ ಬೇಕು, ಬಿಸಿಲು ಬೇಕು, ಬೇರಿಗೆ ಗೊಬ್ಬರ ಬೇಕು, ಮರ ಹೆಚ್ಚಾದರೆ ಕೊನೆ ಹೆಚ್ಚಾಗುವುದಿಲ್ಲ ಎಂದು ಹಿರಿಯ ತೋಟಿಗರೊಬ್ಬರು ಕೂಸಿನ ಲೆಕ್ಕವನ್ನು ಮಣ್ಣಿಗೆ ಇಳಿಸಿದರು. ಕೊನೆಗೌಡ ಅಂಗಳದಲ್ಲಿ ಕೂತು ಕೇಳುತ್ತಿದ್ದ. ಒಂದು ಮರ ಹತ್ತಿ, ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಜೀಕಿ ಹೋಗುವವನು. ಅವನು ಬೇರೆಯೇ ಲೆಕ್ಕ ತೆಗೆದ. ‘ಈಗ ನಂಗೆ ಕೈಗೆ ಸಿಗೋದು ನಾಕೇ ಮರ. ಕೂಸು ಹೇಳಿದ ಹಾಂಗೆ ನೆಟ್ರೆ ಸುತ್ತಲೂ ಆರು ಸಿಗ್ತದೆ. ಇಳಿಯೋ ಕೆಲ್ಸವೇ ಇಲ್ಲ ಮಾಸ್ತರೆ!’

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಲಾಖೆ ನಮ್ಮನ್ನು ನೆಟ್ಟದ್ದು ಮೈಲಿಗೊಬ್ಬರಂತೆ. ಮರದಿಂದ ಮರಕ್ಕೆ ಕೈ ಸಿಗದ ಅಂತರ. ಒಬ್ಬೊಬ್ಬರೂ ನಮ್ಮ ನಮ್ಮ ಮರ ಹತ್ತಿ, ಇಳಿದು, ಮನೆಗೆ ಹೋಗುತ್ತಿದ್ದೆವು. ಈಗ ನನಗೆ ಆರಿಲ್ಲದಿದ್ದರೂ ನಾಲ್ಕು ಕಡೆ ಕೈಗೆ ಸಿಗುತ್ತದೆ. ಯಲ್ಲಾಪುರಕ್ಕೊಂದು, ಸಿದ್ದಾಪುರಕ್ಕೊಂದು, ಶಿರಸಿಗೊಂದು, ಪಾಠಶಾಲೆಗೊಂದು.

ಕೂಸು ಹತ್ತನೇ ಕ್ಲಾಸು ಮುಗಿಸಿ ಪಿಯುಸಿಗೆ ದಕ್ಷಿಣ ಕನ್ನಡದ ಕಡೆ ಹೋದಳು. ಅಲ್ಲಿಂದ ಇನ್ನೂ ದೂರ ಹೋಗುತ್ತಾಳೆ, ಹೋಗಬೇಕು. ಈ ಕಡೆಯ ತೋಟದ ಮನೆಗಳಲ್ಲಿ ಹೊಸ ಸಂಗತಿಯೇನಲ್ಲ ಇದು. ಬುದ್ಧಿವಂತ ಮಕ್ಕಳು ಬೆಂಗಳೂರಿಗೆ, ಅಲ್ಲಿಂದ ಕಡಲಾಚೆಗೆ. ದೊಡ್ಡ ಜಗಲಿಯ ಮನೆಯಲ್ಲಿ ಉಳಿಯುವವರು ಇಬ್ಬರು ವಯಸ್ಸಾದವರು, ಒಂದು ನಾಯಿ. ಮೊನ್ನೆ ಅವಳ ಅಪ್ಪ ಮತ್ತೆ ಸಿಕ್ಕಿದ್ದರು. ‘ನಿಂಗ ಚಲೋ ಕಲ್ಸಿದ್ರಿ ಮಾಸ್ತರೆ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಈಗ ಮನೆಲಿ ಯಂಗ ಇಬ್ರೇಯ’ ಎಂದರು. ಈ ಸಲ ದೂರೋ ಹೊಗಳಿಕೆಯೋ ಎಂದು ನಾನು ಮುಖ ಹುಡುಕಲಿಲ್ಲ. ಎರಡೂ ಇತ್ತು. ಚೆನ್ನಾಗಿ ಕಲಿಸಿದಷ್ಟೂ ಊರು ಬರಿದಾಗುವ ವಿದ್ಯೆ ನಮ್ಮದು. ಇದಕ್ಕೆ ನಮ್ಮ ಕೂಟದಲ್ಲೂ ಉತ್ತರ ಹೊಳೆದಿಲ್ಲ.

ಆದರೂ ಕೂಟ ನಿಂತಿಲ್ಲ. ಯಲ್ಲಾಪುರದ ಮಾಣಿಯೂ ಹೊರಟುಹೋದ. ಬೆಳ್ಳಕ್ಕಿ ಎಣಿಸುವವನು ಇದ್ದಾನೆ, ಇನ್ನೆಷ್ಟು ದಿನವೋ. ಅವರು ಬಿಟ್ಟುಹೋದ ಪ್ರಶ್ನೆಗಳು ನಮ್ಮಲ್ಲಿವೆ, ಅವಕ್ಕಾಗಿ ಓದುತ್ತಿದ್ದೇವೆ. ಇತ್ತೀಚೆಗೆ ನನ್ನ ಪಾಠವೂ ಸುಧಾರಿಸಿದೆಯಂತೆ. ಮಗ್ಗಿ ಬಾರದವರೇ ಹಾಗೆ ಹೇಳಿದರು. ‘ಸರ್, ಈಗ ನೀವು ನಮ್ಮ ಪ್ರಶ್ನೆಗೂ ಸಿಟ್ಟು ಮಾಡೋದಿಲ್ಲ’ ಎಂದ ಒಬ್ಬ ಹುಡುಗ. ಚುರುಕು ಮಗುವಿಗೆ ಬೇಕಾದ ಮಾಸ್ತರನೂ ನಿಧಾನದ ಮಗುವಿಗೆ ಬೇಕಾದ ಮಾಸ್ತರನೂ ಒಬ್ಬನೇ, ಇಬ್ಬರಲ್ಲ. ಇದನ್ನು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಕ್ಲಾಸಿನಲ್ಲೂ ಅಂಥದ್ದೊಂದು ಕೂಸೋ ಮಾಣಿಯೋ ಕಿಟಕಿಯಾಚೆ ನೋಡುತ್ತ ಕೂತಿದ್ದರೆ, ಸುತ್ತೋಲೆಗೆ ಕಾಯಬೇಡಿ. ಪಕ್ಕದ ಊರಿನ ಮಾಸ್ತರರನ್ನೋ ಅಕ್ಕೋರನ್ನೋ ಹುಡುಕಿಕೊಂಡು ಹೋಗಿ. ಅವರಿಗೆ ಉತ್ತರ ಗೊತ್ತಿರಬೇಕೆಂದೇನೂ ಇಲ್ಲ, ಆ ಪತ್ರ ಬಂದ ದಿನ ಲಿಟಲ್‌ವುಡ್ಡಿಗೂ ಗೊತ್ತಿರಲಿಲ್ಲ. ಜೊತೆಗೆ ಕೂತು ನೋಡುವವರಾದರೆ ಸಾಕು. ಯಾರೂ ಸಿಗದಿದ್ದರೆ ಶನಿವಾರ ಮಧ್ಯಾಹ್ನದ ಮೇಲೆ ಸೋಂದಾ ಕಡೆಗೆ ಬನ್ನಿ. ಕವಳ ನಮ್ಮದು, ಕಷಾಯ ನಮ್ಮದು. ಪ್ರಶ್ನೆ ಮಾತ್ರ ನೀವೇ ತರಬೇಕು.